ಓದುಗರ ಪ್ರಶ್ನೆ: 'ನೀವು ಯಾವ ಜನ?' ಅಂತ ಕೇಳಿದರೆ ಏನು ಹೇಳಲಿ?

ಫೀಲ್ಡ್‌ವರ್ಕ್ (ಜನರ ನಡುವೆ ಹೋಗಿ, ಇದ್ದು ಮಾಡುವ ಸಂಶೋಧನೆ) ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಪ್ರಶ್ನಾವಳಿ ಹೇಗೆ ಮಾಡೋದು, ಎಷ್ಟು ಮನೆ ಸುತ್ತಿದರೆ ಸಾಕು, ಗೈಡ್ ಸಹಿ ಹಾಕ್ತಿಲ್ಲ, ಇಂಥವೇ ಬರುತ್ತವೆ ಅಂದುಕೊಂಡಿದ್ದೆ. (ಗೈಡ್ ಸಹಿ ಹಾಕ್ತಿಲ್ಲ ಅಂತ ನಾಲ್ಕು ಬಂದಿವೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.) ಉಳಿದ ಕಾಗದಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ. ಬೇರೆಯವರ ಊರಿಗೆ, ಬೇರೆಯವರ ಮನೆಗೆ ಹೋಗಿ ಕೂತ ಮೇಲೆ ನಾನು ಯಾರು ಅಂತ ಹೇಳಿಕೊಳ್ಳಲಿ, ಅಲ್ಲಿ ಕೇಳಿಸಿಕೊಂಡಿದ್ದನ್ನು ಏನು ಮಾಡಲಿ? ಕೆಲವನ್ನು ಆರಿಸಿಕೊಂಡಿದ್ದೇನೆ. ಯಾರ ಹೆಸರೂ ಊರೂ ಹಾಕಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಪ್ರಶ್ನೆ: ಸರ್, ನಾನು ಪರಿಶಿಷ್ಟ ಜಾತಿಯ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದೇನೆ. ಉತ್ತರ ಕರ್ನಾಟಕದವಳು, ಫೀಲ್ಡ್‌ವರ್ಕ್ ಹಳೇ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ. ಮೊದಲ ದಿನವೇ ಒಬ್ಬ ಅಜ್ಜಿ ನೀರು ಕೊಡುವ ಮುಂಚೆ 'ಯಾವ ಜನ ಕಣವ್ವಾ ನೀನು' ಅಂದರು. 'ನಾವು ಆ ಕಡೆಯವರು ಅಜ್ಜಿ' ಅಂತ ತೇಲಿಸಿಬಿಟ್ಟೆ. ಅವರೇ ಲಿಂಗಾಯತರು ಅಂದುಕೊಂಡರು. ಈಗ ಮೂರು ತಿಂಗಳಾಯಿತು, ಅಡುಗೆಮನೆಯವರೆಗೂ ಕರೆಯುತ್ತಾರೆ. ನಾನು ಮೋಸ ಮಾಡಿದೆನಾ?

ಉತ್ತರ: ಇಲ್ಲಮ್ಮ. ನೀರಿಗೂ ಜಾತಿಗೂ ಗಂಟು ಹಾಕಿದ್ದು ನೀವಲ್ಲ, ಅವರು. 'ಸಂಶೋಧಕರು ತಮ್ಮ ಗುರುತನ್ನು ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು' ಅಂತ ಸಂಶೋಧಕರ ಸಂಘಗಳ ನಿಯಮದಲ್ಲಿ ಇರುತ್ತದೆ, ನಿಜ. ಆ ನಿಯಮ ಬರೆದವರನ್ನು ಯಾರೂ ಹೊಸ್ತಿಲಲ್ಲಿ ನಿಲ್ಲಿಸಿ, ಲೋಟ ಕೈಯಲ್ಲೇ ಹಿಡಿದುಕೊಂಡು, 'ಯಾವ ಜನ' ಅಂತ ಕೇಳಿರಲಿಕ್ಕಿಲ್ಲ. ಯಾವ ವಿಶ್ವವಿದ್ಯಾಲಯದಿಂದ ಬಂದಿದ್ದೀರಿ, ಯಾಕೆ ಬಂದಿದ್ದೀರಿ, ಇಲ್ಲಿ ಕೇಳಿದ್ದನ್ನು ಏನು ಮಾಡುತ್ತೀರಿ, ಇದನ್ನು ಮುಚ್ಚಿಡುವ ಹಾಗಿಲ್ಲ. ಅದನ್ನು ನೀವು ಹೇಳಿದ್ದೀರಿ ಅಂತ ನಂಬಿದ್ದೇನೆ. ಜಾತಿ ಹೇಳುವುದು ಬಿಡುವುದು ನಿಮ್ಮಿಷ್ಟ, ಅದು ಯಾರಿಗೂ ನೀವು ಕೊಡಬೇಕಾದ ಬಾಕಿ ಅಲ್ಲ.

ಆದರೆ ಸುಮ್ಮನಿರುವುದು ಬೇರೆ, ಕಥೆ ಕಟ್ಟುವುದು ಬೇರೆ. ನಾಳೆ ಯಾರೋ 'ನಿಮ್ಮ ಮಠ ಯಾವುದು' ಅಂತಾರೆ, ನೀವು ಬಾಯಿಗೆ ಬಂದ ಒಂದು ಹೆಸರು ಹೇಳುತ್ತೀರಿ, ನಾಡಿದ್ದು ಅದೇ ಮಠದ ಭಕ್ತರೊಬ್ಬರು ಎದುರಿಗೆ ಬಂದು ಕೂರುತ್ತಾರೆ. ಅಲ್ಲಿಗೆ ಸಂಶೋಧನೆ ಮುಗಿದು ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳುವುದೇ ಕೆಲಸವಾಗುತ್ತದೆ. ಮತ್ತೆ, ಗೊತ್ತಾದ ದಿನ ಏನಾದೀತು ಅಂತ ಈಗಲೇ ಯೋಚಿಸಿಡಿ. ಗೈಡ್‌ಗೆ ವಿಷಯ ಹೇಳಿ. ರಾತ್ರಿ ಹತ್ತು ಗಂಟೆಗೆ ಹೊರಡಬೇಕಾಗಿ ಬಂದರೆ ಹೋಗಿ ಇಳಿದುಕೊಳ್ಳಲು ತಾಲ್ಲೂಕು ಕೇಂದ್ರದಲ್ಲಿ ಒಂದು ಮನೆ ಗುರುತು ಮಾಡಿಕೊಂಡಿರಿ. 'ಹೋಗಮ್ಮ, ನೀನೇ ಮ್ಯಾನೇಜ್ ಮಾಡ್ತೀಯ' ಅಂತ ಒಬ್ಬಳೇ ಹುಡುಗಿಯನ್ನು ಕಳಿಸಿ ಕೈತೊಳೆದುಕೊಳ್ಳುವ ಗೈಡ್‌ಗಳೂ ಇದನ್ನು ಓದುತ್ತಿದ್ದಾರೆ ಅಂದುಕೊಳ್ಳುತ್ತೇನೆ.

ನಿಮ್ಮ ಸಂಕಟ ಹೊಸದೂ ಅಲ್ಲ. ಊರಿಗೆ ಹೋದ ಮೇಲೆ ನಾವು ಯಾರು ಅಂತ ತೀರ್ಮಾನ ಮಾಡುವವರು ನಾವಲ್ಲ, ಊರಿನವರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ವರ್ಷದ ಹತ್ತಿರ ಇದ್ದರು. ಮೈಸೂರಿನ ಅಯ್ಯಂಗಾರ್ ಮನೆತನ, ಓದಿದ್ದು ಆಕ್ಸ್‌ಫರ್ಡ್. ಇಳಿದುಕೊಂಡದ್ದು ಊರ ಯಜಮಾನರು ಎತ್ತು ಕಟ್ಟುತ್ತಿದ್ದ ಮನೆಯಲ್ಲಿ. ಆಕ್ಸ್‌ಫರ್ಡ್ ಗೀಕ್ಸ್‌ಫರ್ಡ್ ಎಲ್ಲ ಊರಿನವರಿಗೆ ಬೇಕಿರಲಿಲ್ಲ, ಅವರ ಪಾಲಿಗೆ ಇವರು ಬ್ರಾಹ್ಮಣರು, ಬ್ರಾಹ್ಮಣರ ಹಾಗೆಯೇ ಇರಬೇಕು, ಅಷ್ಟೇ. ಆದ್ದರಿಂದ ಮೇಲ್ಜಾತಿಯವರ ಜಗಲಿ ತೆರೆದುಕೊಂಡಷ್ಟು ದಲಿತರ ಕೇರಿ ತೆರೆದುಕೊಳ್ಳಲಿಲ್ಲ. ತಾವು ಬರೆದದ್ದು ಮೇಲ್ಜಾತಿಯವರ ಕಣ್ಣಿಗೆ ಕಂಡ ಊರು ಅಂತ ಮುಂದೆ ಅವರೇ ಒಪ್ಪಿಕೊಂಡರು. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಆಂದ್ರೆ ಬೆತೇಯ್ ಅವರದು ಇನ್ನೂ ಸ್ವಾರಸ್ಯ. ತಂದೆ ಫ್ರೆಂಚ್, ತಾಯಿ ಬಂಗಾಳಿ. 1961-62ರಲ್ಲಿ ತಂಜಾವೂರು ಜಿಲ್ಲೆಯ ಹಳ್ಳಿಯಲ್ಲಿ ಅಗ್ರಹಾರದೊಳಗೇ ಮನೆ ಸಿಕ್ಕಿತು. ಜಾತಿಯೇ ಇಲ್ಲದ ಮನುಷ್ಯ! ಆದರೂ ಅಗ್ರಹಾರದಲ್ಲಿ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಬ್ರಾಹ್ಮಣರ ಲೆಕ್ಕಕ್ಕೆ ಸೇರಿದರು, ಆದಿದ್ರಾವಿಡರ (ಅಲ್ಲಿನ ದಲಿತರ) ಕೇರಿ ಅವರಿಗೂ ದೂರವಾಯಿತು.

ನನ್ನದನ್ನೂ ಹೇಳಿಬಿಡುತ್ತೇನೆ. 1994ರಲ್ಲಿ ಮಂಡ್ಯ ಕಡೆಯ ಒಂದು ಹಳ್ಳಿಗೆ ಹೋದಾಗ ಟೀ ಅಂಗಡಿಯವರು ನನ್ನ ಊರಿನ ಹೆಸರು ಕೇಳಿ 'ಓ, ನಮ್ಮೋರೇ ಬುಡಿ' ಅಂದರು. ನಾನು ಅವರವನಲ್ಲ. ಆದರೂ ನಕ್ಕು ಸುಮ್ಮನಾದೆ. ಆ ನಗುವಿನ ಮೇಲೆ ಆರು ತಿಂಗಳು ಮುದ್ದೆ, ಮಜ್ಜಿಗೆ, ಮರ್ಯಾದೆ ಎಲ್ಲ ಸಿಕ್ಕಿತು. ಕೇರಿಗೂ ಹೋಗುತ್ತಿದ್ದೆ, ಟೇಪ್‌ರೆಕಾರ್ಡರ್ ಆನ್ ಮಾಡಿಕೊಂಡು ಕೂರುತ್ತಿದ್ದೆ, ಎಲ್ಲರೂ 'ನಮಗೇನು ತೊಂದ್ರೆ ಇಲ್ಲ ಸಾಮಿ' ಅನ್ನುತ್ತಿದ್ದರು. ಕಡೆಗೆ ಒಬ್ಬ ಅಜ್ಜಿ ಹೇಳಿದ್ದು: 'ಗೌಡ್ರ ಮನೇಲಿ ಉಣ್ಣೋರಿಗೆ ನಾವೇನಪ್ಪ ಹೇಳಾನ.' ಆರು ತಿಂಗಳಲ್ಲಿ ಸಿಕ್ಕ ಒಂದೇ ನಿಜವಾದ ಮಾತು ಅದು. ಮೇಲಿನ ಜಾತಿ ಅಂದುಕೊಂಡರು ಅಂತ ನಾನೂ ಸುಮ್ಮನಿದ್ದೆ, ನೀವೂ ಸುಮ್ಮನಿದ್ದೀರಿ, ಎರಡೂ ಒಂದೇ ಅಲ್ಲ. ನಾನು ಸುಮ್ಮನಿದ್ದದ್ದು ಮಜ್ಜಿಗೆಗೆ. ನೀವು ಸುಮ್ಮನಿದ್ದದ್ದು ಊರಲ್ಲಿ ಉಳಿಯುವುದಕ್ಕೆ.

ನೀವು ಮಾಡಬೇಕಾದ್ದು ಇಷ್ಟು. ಅವರು ನಿಮ್ಮನ್ನು ಯಾರು ಅಂದುಕೊಂಡರು, ಹಾಗೆ ಅಂದುಕೊಂಡದ್ದರಿಂದ ನಿಮ್ಮ ಎದುರು ಏನೇನು ಮಾತಾಡಿದರು, ಅದನ್ನು ದಿನದಿನದ ಡೈರಿಯಲ್ಲಿ ಬರೆದಿಡಿ. ಥೀಸಿಸ್‌ನಲ್ಲಿ ಅದಕ್ಕೆ ಜಾಗ ಕೊಡಿ. ಅಡುಗೆಮನೆಯಲ್ಲಿ ಕೂತು ನಿಮ್ಮ ಜಾತಿಯ ಬಗ್ಗೆ ಅವರು ಆಡಿದ ಮಾತನ್ನು ನಗುನಗುತ್ತಾ ಕೇಳಿಸಿಕೊಳ್ಳಬೇಕಾಗಿ ಬಂದ ದಿನವೂ ಬಂದಿರಬಹುದು. ಅದನ್ನು ಬರೆಯುವುದೋ ಬಿಡುವುದೋ, ಹೊರಡುವ ಮುಂಚೆ ಅಜ್ಜಿಗೆ ನಿಜ ಹೇಳುವುದೋ ಬೇಡವೋ, ನಿಮಗೆ ಬಿಟ್ಟದ್ದು. ನಾನು ಇಲ್ಲಿ ಫ್ಯಾನಿನ ಕೆಳಗೆ ಕೂತು ಹೇಳುವ ಮಾತಲ್ಲ ಅದು.

ಪ್ರಶ್ನೆ: ಎಲ್ಲಿ ಹೋದರೂ ಸರ್ಕಾರದವರು ಅಂದುಕೊಳ್ಳುತ್ತಾರೆ. 'ಬಿಪಿಎಲ್ ಕಾರ್ಡ್ ಮಾಡಿಸಿಕೊಡಿ', 'ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ನೋಡಿ' ಅಂತಾರೆ. ಅಲ್ಲ ಅಂದರೆ ಮುಖ ತಿರುಗಿಸುತ್ತಾರೆ. ಹೌದು ಅನ್ನದೆ, ಅಲ್ಲ ಅನ್ನದೆ ಕೆಲಸ ಮುಗಿಸಿದರೆ ತಪ್ಪಾ?

ಉತ್ತರ: ತಪ್ಪು. ನಿಯಮ ಪಕ್ಕಕ್ಕಿಡಿ, ನಿಮ್ಮ ಮಾಹಿತಿಯೇ ಕೆಡುತ್ತದೆ. ಕಾರ್ಡು ಕೊಡುವವರು ಬಂದಿದ್ದಾರೆ ಅಂದರೆ ಮೂರು ಹಸು ಇದ್ದವರು ಒಂದು ಅಂತಾರೆ, ಬೈಕು ಭಾವಮೈದುನನದಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮೇಷ್ಟರುಗಳು ಮನೆಮನೆಗೆ ಹೋದ ಮೇಲಂತೂ ಕೈಯಲ್ಲಿ ಪೇಪರು ಅಥವಾ ಮೊಬೈಲು ಹಿಡಿದು ಬಂದವರೆಲ್ಲ ಜಾತಿ ಬರೆದುಕೊಳ್ಳುವವರೇ ಅನ್ನುವ ಹಾಗಾಗಿದೆ. ಹಾಗಾಗಿ ಅಲ್ಲ ಅಂತ ಹೇಳಿ. ಒಂದು ಸಲ ಅಲ್ಲ, ಹೋದಾಗೆಲ್ಲ ಹೇಳಿ. ಕುತ್ತಿಗೆಗೆ ಐಡಿ ಕಾರ್ಡಿನ ದಾರ ನೇತುಹಾಕಿಕೊಂಡು ಹೋಗಬೇಡಿ, ಪಂಚಾಯಿತಿ ಜೀಪಿನಲ್ಲಿ ಇಳಿಯಬೇಡಿ. ಅರ್ಜಿ ತುಂಬಿಕೊಡಿ ಅಂದರೆ ತುಂಬಿಕೊಡಿ, ಗ್ರಾಮ ಒನ್ ಕೇಂದ್ರದವರೆಗೆ ಜೊತೆಗೂ ಹೋಗಿ, ಅದರಲ್ಲಿ ತಪ್ಪೇನಿಲ್ಲ. 'ನೋಡೋಣ, ಮಾತಾಡ್ತೀನಿ' ಅಂತ ಮಾತ್ರ ಹೇಳಬೇಡಿ. ಸರ್ಕಾರದವರು ಹೇಳುವ ಮಾತು ಅದೇ.

ಪ್ರಶ್ನೆ: ಊರಿನ ದೊಡ್ಡ ಮನೆಯೊಂದರಲ್ಲಿ ಉಳಿದುಕೊಂಡಿದ್ದೇನೆ. ಬಾಡಿಗೆ ತಗೊಳ್ಳುವುದಿಲ್ಲ, ಮಗನ ಹಾಗೆ ನೋಡಿಕೊಳ್ಳುತ್ತಾರೆ. ಆದರೆ ದಿನಾ ಸಂಜೆ 'ಇವತ್ತು ಯಾರ ಮನೆಗೆ ಹೋಗಿದ್ರಿ, ಏನಂದ್ರು' ಅಂತ ಯಜಮಾನರು ಕೇಳುತ್ತಾರೆ. ಹೇಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಉತ್ತರ: ಬೇಜಾರು ಮಾಡಿಕೊಳ್ಳಲಿ. ಆ ಬಾಡಿಗೆ ಇಲ್ಲದ ಕೋಣೆಗೆ ಅವರು ಕೇಳುತ್ತಿರುವ ಬಾಡಿಗೆಯೇ ಆ ಮಾತು, ಅಲ್ವಾ?

ಇದಕ್ಕೆ ಒಂದು ಉದಾಹರಣೆ ಇದೆ, ಓದಿದಾಗೆಲ್ಲ ಮೈ ಜುಮ್ ಅನ್ನುತ್ತದೆ. ಭಾರತೀಯ ಮೂಲದ ಸುಧೀರ್ ವೆಂಕಟೇಶ್ ಶಿಕಾಗೋದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ ರಾಬರ್ಟ್ ಟೇಲರ್ ಹೋಮ್ಸ್ ಅನ್ನುವ ಸರ್ಕಾರಿ ವಸತಿ ಸಮುಚ್ಚಯದಲ್ಲಿ ವರ್ಷಗಟ್ಟಲೆ ಓಡಾಡಿದರು. ಬಡ ಕಪ್ಪು ಜನರ ಕಟ್ಟಡಗಳು ಅವು. ಅವರನ್ನು ಒಳಗೆ ಬಿಟ್ಟುಕೊಂಡವರು ಇಬ್ಬರು: ಒಂದು ಗ್ಯಾಂಗಿನ ನಾಯಕ, ಇನ್ನೊಬ್ಬರು ಬಾಡಿಗೆದಾರರ ನಾಯಕಿ. ಕಾರು ರಿಪೇರಿ, ಮನೆಯಲ್ಲೇ ತಿಂಡಿ ಮಾಡಿ ಮಾರುವುದು, ಹೀಗೆ ಲೆಕ್ಕಕ್ಕೆ ಸಿಗದ ಕೆಲಸಗಳಲ್ಲಿ ಜನ ಎಷ್ಟು ಸಂಪಾದಿಸುತ್ತಾರೆ ಅಂತ ಇವರು ಮನೆಮನೆ ಕೇಳಿದರು. ಜನ ನಂಬಿ ಹೇಳಿದರು. ಲೆಕ್ಕ ಸರಿ ಇದೆಯಾ ಅಂತ ಕೇಳಲು ಇವರು ಅದನ್ನು ಆ ಇಬ್ಬರ ಮುಂದೆ ಇಟ್ಟರು. ಅವರಿಗೆ ಅಷ್ಟೇ ಸಾಕಾಯಿತು. ಯಾರು ಎಷ್ಟು ಮುಚ್ಚಿಟ್ಟಿದ್ದಾರೆ ಅಂತ ಗೊತ್ತಾಗಿ ಅವರಿಂದ ಜಾಸ್ತಿ ವಸೂಲಿ ಶುರುವಾಯಿತು. ಇದನ್ನು ವೆಂಕಟೇಶ್ ಅವರೇ ಬರೆದುಕೊಂಡಿದ್ದಾರೆ. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಕಾಫಿ ಕುಡಿಯುತ್ತಾ ಮಾತಾಡುವ ಹಾಗೆ ಮಾತಾಡಿಬಿಟ್ಟರು.

ಇವತ್ತು ಸಂಜೆಯೇ ಹೇಳಿ: 'ಅಣ್ಣಾ, ಅವರ ಮಾತು ನಿಮಗೆ ಹೇಳಿದರೆ ನಾಳೆ ನಿಮ್ಮ ಮಾತನ್ನೂ ಅವರಿಗೆ ಹೇಳ್ತೀನಿ ಅಂತ ಆಗುತ್ತೆ.' ಬಹಳ ಜನಕ್ಕೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಆಗದಿದ್ದರೆ ಬೇರೆ ರೂಮು ನೋಡಿ. ಅಲ್ಲಿಯವರೆಗೆ ನೋಟ್‌ಬುಕ್ ಟ್ರಂಕಿನಲ್ಲಿಟ್ಟು ಬೀಗ ಹಾಕಿ.

ಪ್ರಶ್ನೆ: ಗಾರ್ಮೆಂಟ್ಸ್ ಕಾರ್ಮಿಕರ ಬಗ್ಗೆ ಕೆಲಸ ಮಾಡಬೇಕು. ಫ್ಯಾಕ್ಟರಿಯವರು ಗೇಟಿನೊಳಗೇ ಬಿಡುವುದಿಲ್ಲ. ಹೆಲ್ಪರ್ ಕೆಲಸಕ್ಕೆ ಸೇರಿಕೊಂಡು, ಸಂಶೋಧಕಿ ಅಂತ ಯಾರಿಗೂ ಹೇಳದೆ, ಆರು ತಿಂಗಳು ಇದ್ದು ಬರಬಹುದಾ?

ಉತ್ತರ: 'ಯಾರಿಗೂ' ಅನ್ನುವಲ್ಲಿ ಎರಡು ಥರದ ಜನ ಇದ್ದಾರೆ, ಬಿಡಿಸಿ ನೋಡಿ. ಮ್ಯಾನೇಜ್‌ಮೆಂಟಿಗೆ ಹೇಳದೆ ಇರುವುದರ ಬಗ್ಗೆ ನನಗೆ ಅಷ್ಟೇನೂ ಪಾಪಪ್ರಜ್ಞೆ ಇಲ್ಲ, ಒಳಗೆ ನಡೆಯುವುದು ಹೊರಗೆ ಗೊತ್ತಾಗಬಾರದು ಅಂತ ಗೇಟು ಹಾಕಿದವರು ಅವರು. (ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವ ನಿಮ್ಮ ಎಥಿಕ್ಸ್ ಕಮಿಟಿ ಇದನ್ನು ಒಪ್ಪದೆ ಇರಬಹುದು, ಮೊದಲು ಅವರನ್ನು ಕೇಳಿ. ಸುಳ್ಳು ದಾಖಲೆ ಕೊಟ್ಟು ಸೇರುವುದಂತೂ ಬೇಡವೇ ಬೇಡ.) ಆದರೆ ಪಕ್ಕದ ಮೆಷಿನ್ನಿನಲ್ಲಿ ಕೂತ ಹೆಂಗಸು? ಅವಳು ಬುತ್ತಿ ಹಂಚಿಕೊಳ್ಳುತ್ತಾಳೆ, ಗಂಡ ಕುಡಿದು ಬಂದು ಹೊಡೆದದ್ದನ್ನು ಹೇಳಿಕೊಳ್ಳುತ್ತಾಳೆ, ಸೂಪರ್‌ವೈಸರ್ ಬಗ್ಗೆ ಹೇಳುತ್ತಾಳೆ. ಗೆಳತಿ ಅಂತ ಹೇಳಿಕೊಂಡಳು, ಥೀಸಿಸ್ಸಿಗೆ ಅಂತ ಅಲ್ಲ. ನೀವು ಸಿಕ್ಕಿಬಿದ್ದರೆ ನಿಮಗೆ ಹಾಸ್ಟೆಲ್ ಇದೆ. ನಿಮ್ಮ ಜೊತೆ ಜಾಸ್ತಿ ಓಡಾಡಿದವಳು ಯಾರು ಅಂತ ಹುಡುಕಿ ಅವಳನ್ನು ಕೆಲಸದಿಂದ ತೆಗೆಯುತ್ತಾರೆ.

ಗುರುತು ಮರೆಸಿ ಮಾಡಿದ ಕೆಲಸಗಳಲ್ಲಿ ಇವತ್ತಿಗೂ ಪಾಠ ಮಾಡುವುದು ಸಮಾಜಶಾಸ್ತ್ರಜ್ಞ ಲಾಡ್ ಹಂಫ್ರೀಸ್ ಅವರದ್ದನ್ನು. 1960ರ ದಶಕ, ಅಮೆರಿಕದ ಸೇಂಟ್ ಲೂಯಿಸ್. ಗಂಡಸರು ಗಂಡಸರನ್ನು ಗುಟ್ಟಾಗಿ ಸೇರುತ್ತಿದ್ದ ಪಾರ್ಕಿನ ಶೌಚಾಲಯಗಳಲ್ಲಿ ಇವರು ಕಾವಲಿಗೆ ನಿಲ್ಲುವವನ ಹಾಗೆ ನಿಂತು ನೋಡಿದರು. ಅಲ್ಲಿಗೇ ಬಿಟ್ಟಿದ್ದರೆ ಒಂದು ಮಾತು. ಅವರ ಕಾರುಗಳ ನಂಬರ್ ಬರೆದುಕೊಂಡು, ಪೊಲೀಸರ ಮೂಲಕ ವಿಳಾಸ ಪತ್ತೆ ಮಾಡಿ, ವರ್ಷದ ನಂತರ ವೇಷ ಬದಲಿಸಿಕೊಂಡು, ಆರೋಗ್ಯ ಸಮೀಕ್ಷೆ ಅಂತ ಹೇಳಿಕೊಂಡು ಅವರ ಮನೆಗೇ ಹೋದರು! ಹೆಂಡತಿ ಮಕ್ಕಳ ಎದುರು ಕೂತು ಪ್ರಶ್ನೆ ಕೇಳಿ ಬಂದರು. ಸಿಕ್ಕಿಬಿದ್ದರೆ ಆ ಗಂಡಸರಿಗೆ ಜೈಲು, ಕೆಲಸ ಹೋಗುವುದು, ಸಂಸಾರ ಒಡೆಯುವುದು, ಎಲ್ಲವೂ ಆಗಬಹುದಾಗಿದ್ದ ಕಾಲ. 1970ರಲ್ಲಿ ಪುಸ್ತಕ ಬಂತು, ಗಲಾಟೆ ಆಯಿತು. ಇಂಥವರು ಬಹಳ ಜನ ಮದುವೆಯಾಗಿ ಸಂಸಾರ ಮಾಡುತ್ತಿರುವ, ಮರ್ಯಾದಸ್ಥರು ಅನ್ನಿಸಿಕೊಂಡ ಸಾಮಾನ್ಯರು ಅಂತ ಆ ಪುಸ್ತಕ ತೋರಿಸಿತು. ಒಳ್ಳೆಯದೂ ಆಯಿತು, ಅದನ್ನು ಇಲ್ಲ ಅನ್ನಲಾರೆ. ಆಗ ಮದುವೆಯಾಗಿದ್ದ ಹಂಫ್ರೀಸ್ ತಾವೂ ಸಲಿಂಗಿ ಅಂತ ಮುಂದೆ ಬಹಿರಂಗವಾಗಿ ಹೇಳಿಕೊಂಡರು. ತಮ್ಮ ಗುಟ್ಟು ತಮಗೆ ಬೇಕಾದ ದಿನ ಹೇಳುವ ಅವಕಾಶ ಅವರಿಗೆ ಇತ್ತು. ಆ ಗಂಡಸರ ಗುಟ್ಟು ಇವರ ತಿಜೋರಿಯಲ್ಲಿತ್ತು.

ನಿಮಗೆ ನನ್ನ ಸಲಹೆ: ಗೇಟಿನೊಳಗೆ ಹೋಗಲೇಬೇಕು ಅನ್ನುವ ಹಟ ಬಿಡಿ. ಅವರು ಬಾಡಿಗೆಗಿರುವ ವಠಾರದಲ್ಲಿ ಒಂದು ರೂಮು ಹಿಡಿಯಿರಿ, ಸಂಶೋಧಕಿ ಅಂತ ಹೇಳಿಯೇ ಹಿಡಿಯಿರಿ. ಬೆಳಗ್ಗೆ ನೀರು ಹಿಡಿಯುವ ಜಾಗ, ಪಿಕಪ್ ವ್ಯಾನು, ಭಾನುವಾರದ ಬಟ್ಟೆ ಒಗೆಯುವ ಕಲ್ಲು. ಟಾರ್ಗೆಟ್ ಬಗ್ಗೆ ಲೈನಿನಲ್ಲಿ ಕೂತಾಗ ಯಾರೂ ಮಾತಾಡುವುದಿಲ್ಲ, ಅಲ್ಲಿ ಮಾತಾಡುತ್ತಾರೆ.

ಪ್ರಶ್ನೆ: ಒಪ್ಪಿಗೆ ಪತ್ರಕ್ಕೆ ಸಹಿ ಬೇಕು ಅಂತ ಎಥಿಕ್ಸ್ ಕಮಿಟಿ ಹೇಳುತ್ತದೆ. ಹಳ್ಳಿಯಲ್ಲಿ ಪೇಪರು ತೆಗೆದರೆ ಸಾಕು, ಹೆಂಗಸರು ಎದ್ದು ಒಳಗೆ ಹೋಗುತ್ತಾರೆ.

ಉತ್ತರ: ಹೋಗದೆ ಏನು ಮಾಡುತ್ತಾರೆ? ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಮೊಮ್ಮಕ್ಕಳು ಅವರು, ಸಂಘದ ಸಾಲಕ್ಕೆ ಎಲ್ಲೆಲ್ಲೋ ಸಹಿ ಹಾಕಿ ಈಗ ವಾರವಾರ ಕಂತು ಕಟ್ಟುತ್ತಿರುವವರು. ನಿಮ್ಮ ಪೇಪರು ಬೇರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಬಾಯಿಮಾತಿನ ಒಪ್ಪಿಗೆ ಸಾಕು ಅಂತ ಕಮಿಟಿಗೆ ಬರೆದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಅದಕ್ಕೆ ಅವಕಾಶ ಕೊಡುತ್ತದೆ, ಯಾವಾಗ ಹೇಗೆ ಒಪ್ಪಿದರು ಅಂತ ದಾಖಲೆ ಇಡಬೇಕು ಅಷ್ಟೇ.

ನನ್ನ ಕೇಳಿದರೆ ಸಹಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಮೊದಲ ದಿನ ಒಪ್ಪಿದವರು ಎರಡನೇ ತಿಂಗಳಿಗೆ ನೀವು ಸಂಶೋಧಕರು ಅನ್ನುವುದನ್ನೇ ಮರೆತಿರುತ್ತಾರೆ. ಅವರೆಕಾಯಿ ಸುಲಿಯುತ್ತಾ ಕೂತಾಗ ಮನೆಮಾತು ಎಲ್ಲ ಹೊರಗೆ ಬರುತ್ತದೆ. ಆಗ ಕೇಳಿ, 'ಅಕ್ಕಾ, ಇದನ್ನ ಬರ್ಕೊಳ್ಲಾ?' 'ಅಯ್ಯೋ ಬ್ಯಾಡ' ಅಂದರೆ ಬೇಡ. ಎಷ್ಟೇ ಒಳ್ಳೆ ಮಾತಾಗಿರಲಿ, ಬೇಡ.

ಪ್ರಶ್ನೆ: ಮಾತಾಡಿದ್ದಕ್ಕೆ ದುಡ್ಡು ಕೊಡಬೇಕಾ?

ಉತ್ತರ: ಕೂಲಿ ಬಿಟ್ಟು ಕೂತರೆ ಆ ದಿನದ ಕೂಲಿ ಕೊಡಿ, ಅದು ದಾನ ಅಲ್ಲ. ಊಟಕ್ಕೆ ಕರೆದರೆ ಬಾಳೆಹಣ್ಣು ತಗೊಂಡು ಹೋಗಿ. ದುಡ್ಡು ಕೊಟ್ಟು ಮಾತು ಕೊಂಡುಕೊಳ್ಳಬೇಡಿ.

ಪ್ರಶ್ನೆ: ಒಂದು ಊರಿನ ಅಂಗನವಾಡಿ ಕಾರ್ಯಕರ್ತೆ ಹೇಳಿದ್ದನ್ನು ಲೇಖನದಲ್ಲಿ ಬರೆದೆ. ಅವರ ಹೆಸರು, ಊರಿನ ಹೆಸರು ಎರಡೂ ಬದಲಾಯಿಸಿದ್ದೆ. ಪಿಡಿಎಫ್ ಯಾರೋ ವಾಟ್ಸಾಪಿನಲ್ಲಿ ಹಾಕಿದರು. ಆ ಊರಿನಲ್ಲಿ ಇರುವುದೇ ಒಂದು ಅಂಗನವಾಡಿ. ಅವರಿಗೆ ಮೇಲಿನವರಿಂದ ಬೈಗುಳ. ನನ್ನ ಫೋನ್ ಎತ್ತುತ್ತಿಲ್ಲ.

ಉತ್ತರ: ಬಸ್ ಹತ್ತಿ ಹೋಗಿ. ಫೋನಿನಲ್ಲಿ ಆಗುವ ಕೆಲಸವಲ್ಲ ಇದು. ಬಾಗಿಲಲ್ಲಿ ನಿಲ್ಲಿಸಿ ಬೈದರೆ ಬೈಸಿಕೊಳ್ಳಿ. ಲೇಖನ ವಾಪಸು ತಗೊಳ್ಳಲಾ, ಮೇಲಿನವರಿಗೆ ನಾನೇ ಕಾಗದ ಬರೆಯಲಾ, ಏನು ಮಾಡಿದರೆ ನಿಮಗೆ ತೊಂದರೆ ಕಡಿಮೆಯಾಗುತ್ತದೆ ಅಂತ ಅವರನ್ನೇ ಕೇಳಿ. ನೀವಾಗಿ ಏನೂ ಮಾಡಲು ಹೋಗಬೇಡಿ, ಕಾಗದದಿಂದ ಇನ್ನೂ ಜಾಸ್ತಿ ಆಗಬಹುದು.

ಹೆಸರು ಬದಲಾಯಿಸಿದರೆ ಗುಟ್ಟು ಉಳಿಯಿತು ಅನ್ನುವುದು ನಮ್ಮ ಕಸುಬಿನ ಹಳೇ ಭ್ರಮೆ. ಥೀಸಿಸ್ ನೋಡುವ ಪರೀಕ್ಷಕರಿಗೆ ಗೊತ್ತಾಗದಿದ್ದರೆ ಏನು ಬಂತು, ಅವರೇನು ಆ ಕಾರ್ಯಕರ್ತೆಗೆ ಮೆಮೋ ಕೊಡುತ್ತಾರಾ? ಗೊತ್ತಾಗಬಾರದಾದದ್ದು ಪಕ್ಕದ ಮನೆಯವರಿಗೆ, ಸೂಪರ್‌ವೈಸರಿಗೆ, ಗಂಡನಿಗೆ. ಶ್ರೀನಿವಾಸ್ ತಮ್ಮ ಹಳ್ಳಿಯನ್ನು ರಾಮಪುರ ಅಂತ ಕರೆದರು. ಅದು ಮೈಸೂರು ಜಿಲ್ಲೆಯ ಕೊಡಗಹಳ್ಳಿ ಅಂತ ಇವತ್ತು ಸಮಾಜಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಐರ್ಲೆಂಡಿನಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ನ್ಯಾನ್ಸಿ ಶೆಪರ್-ಹ್ಯೂಸ್ 'ಬ್ಯಾಲಿಬ್ರಾನ್' ಅಂತ ಸುಳ್ಳು ಹೆಸರಿಟ್ಟು ಒಂದು ಹಳ್ಳಿಯ ಮಾನಸಿಕ ಕಾಯಿಲೆಗಳ ಬಗ್ಗೆ 1979ರಲ್ಲಿ ಪುಸ್ತಕ ಬರೆದರು. ಊರು ಯಾವುದು ಅಂತ ಬಯಲಾಗಲು ಬಹಳ ದಿನ ಬೇಕಾಗಲಿಲ್ಲ. ಇಪ್ಪತ್ತು ವರ್ಷ ಬಿಟ್ಟು, 1999ರಲ್ಲಿ ಮತ್ತೆ ಹೋದಾಗ ಊರಿನವರು ಅವರನ್ನು ಹೊರಗೆ ಕಳಿಸಿದರು. ಇಪ್ಪತ್ತು ವರ್ಷವಾದರೂ ಸಿಟ್ಟು ಆರಿರಲಿಲ್ಲ.

ನನಗೆ ಬಹಳ ಇಷ್ಟವಾದ ಸೇಡು ಮಾತ್ರ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನದು. ವಿಡಿಚ್ ಮತ್ತು ಬೆನ್ಸ್‌ಮನ್ ಅಂತ ಇಬ್ಬರು 1958ರಲ್ಲಿ ಆ ಊರಿಗೆ 'ಸ್ಪ್ರಿಂಗ್‌ಡೇಲ್' ಅಂತ ಹೆಸರಿಟ್ಟು ಪುಸ್ತಕ ಬರೆದರು. ಊರನ್ನು ಯಾರು ಹೇಗೆ ಆಡಿಸುತ್ತಾರೆ ಅಂತ ಎಲ್ಲ ಬಿಚ್ಚಿಟ್ಟಿದ್ದರು. ಪಾತ್ರಗಳಿಗೂ ಸುಳ್ಳು ಹೆಸರು, ಆದರೆ ಊರಿನವರಿಗೆ ಪುಟಪುಟವೂ ಗೊತ್ತಾಯಿತು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಅವರು ಏನು ಮಾಡಿದರು ಗೊತ್ತಾ? ಮುಖವಾಡ ಹಾಕಿಕೊಂಡು, ಪುಸ್ತಕದಲ್ಲಿ ತಮಗೆ ಕೊಟ್ಟ ಸುಳ್ಳು ಹೆಸರನ್ನೇ ಬರೆದುಕೊಂಡು ಮೆರವಣಿಗೆ ಹೊರಟರು. ಕೊನೆಯಲ್ಲಿ ಗೊಬ್ಬರ ಹರಡುವ ಗಾಡಿ, ಅದರಲ್ಲಿ ಸಗಣಿಗೊಬ್ಬರದೊಳಕ್ಕೆ ಬಗ್ಗಿಕೊಂಡಿದ್ದ 'ಲೇಖಕ'ನ ಗೊಂಬೆ. ನಮ್ಮಲ್ಲಾಗಿದ್ದರೆ ಕಾಮನ ಹುಣ್ಣಿಮೆಯವರೆಗೆ ಕಾದು ಸುಟ್ಟೇಬಿಡುತ್ತಿದ್ದರು.

ಮುಂದಿನ ಸಲಕ್ಕೆ: ಊರಿಗೊಬ್ಬರೇ ಇರುವ ಕೆಲಸದವರ ಮಾತನ್ನು ಒಬ್ಬರ ಮಾತಾಗಿ ಬರೆಯಬೇಡಿ. ನಾಲ್ಕು ಊರಿನವರನ್ನು ಕೇಳಿ, ಸೇರಿಸಿ ಬರೆಯಿರಿ. ಮಕ್ಕಳೆಷ್ಟು, ಯಾವ ವರ್ಷ ಕೆಲಸಕ್ಕೆ ಸೇರಿದರು, ಇಂಥ ಬಣ್ಣ ಕಟ್ಟುವ ವಿವರ ಬಿಡಿ. ಅಚ್ಚಿಗೆ ಕೊಡುವ ಮುಂಚೆ ಅವರ ಮನೆಗೆ ಹೋಗಿ ಅವರ ಭಾಗವನ್ನು ಜೋರಾಗಿ ಓದಿ ಹೇಳಿ. ಲೇಖನ ಸ್ವಲ್ಪ ಸಪ್ಪೆ ಆಗುತ್ತದೆ, ಆಗಲಿ.

ಪ್ರಶ್ನೆ: ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಒಂದು ಮನೆಯಲ್ಲಿ ಮಗುವೊಂದಕ್ಕೆ ಆಗಬಾರದ್ದು ಆಗುತ್ತಿದೆ ಅಂತ ಗೊತ್ತಾಯಿತು. ಕೊಟ್ಟ ಮಾತು ದೊಡ್ಡದಾ?

ಉತ್ತರ: ಇಲ್ಲಿ ಯೋಚಿಸುವುದೇನೂ ಇಲ್ಲ. ಈ ಕಾಗದ ಓದಿದ ದಿನವೇ ನಿಮಗೆ ಬೇರೆಯಾಗಿ ಉತ್ತರ ಕಳಿಸಿದ್ದೇನೆ. ಉಳಿದವರಿಗಾಗಿ ಹೇಳುತ್ತೇನೆ: ಮಕ್ಕಳ ಮೇಲಿನ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದು ಅನ್ನಿಸಿದರೂ, 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಶಿಕ್ಷೆ ಇದೆ. ಸಂಶೋಧಕರಿಗೆ ವಿನಾಯಿತಿ ಇಲ್ಲ. ಬಾಲ್ಯವಿವಾಹ ಇರಲಿ, ಹೊಡೆತ ಬಡಿತ ಇರಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಡೈರಿಯಲ್ಲಿ ಬರೆದು ಅಧ್ಯಾಯ ಮಾಡಿಕೊಳ್ಳುವ ವಿಷಯ ಅಲ್ಲ ಇದು.

ತಪ್ಪಾಗಿದ್ದು ಮೊದಲ ದಿನ, 'ಯಾರಿಗೂ ಹೇಳಲ್ಲ' ಅಂದಾಗ. ವಕೀಲರಿಗೆ ಹೇಳಿದ್ದಕ್ಕೆ ಕಾನೂನಿನ ರಕ್ಷಣೆ ಇದೆ. ನಮಗೆ ಹೇಳಿದ್ದಕ್ಕೆ ಇಲ್ಲ, ಕೋರ್ಟು ಕೇಳಿದರೆ ಟೇಪು ಕೊಡಬೇಕು. ಅಮೆರಿಕದ ಬಾಸ್ಟನ್ ಕಾಲೇಜಿನವರು ಉತ್ತರ ಐರ್ಲೆಂಡಿನ ಗಲಭೆಗಳಲ್ಲಿ ಬಂದೂಕು ಹಿಡಿದವರನ್ನೇ ಮಾತಾಡಿಸಿ, 'ನೀವು ಸಾಯುವವರೆಗೂ ಹೊರಗೆ ಬಿಡುವುದಿಲ್ಲ' ಅಂತ ಭರವಸೆ ಕೊಟ್ಟು ಧ್ವನಿ ಮುದ್ರಿಸಿಟ್ಟಿದ್ದರು. 2011ರಲ್ಲಿ ಅಲ್ಲಿನ ಪೊಲೀಸರ ಪರವಾಗಿ ಕೋರ್ಟಿನ ಆದೇಶ ಬಂತು, ಕೆಲವು ಟೇಪು ಕೈಬಿಟ್ಟು ಹೋದವು. 1972ರ ಒಂದು ಕೊಲೆಯ ವಿಚಾರಣೆಗೆ ಅಲ್ಲಿನ ರಾಜಕೀಯ ನಾಯಕ ಗೆರ‍್ರಿ ಆಡಮ್ಸ್ ಅವರನ್ನು 2014ರಲ್ಲಿ ಬಂಧಿಸಿದರು, ಆಮೇಲೆ ಆರೋಪ ಹೊರಿಸದೆ ಬಿಟ್ಟರು. ಹಾಗಾಗಿ 'ಮಕ್ಕಳಿಗೆ ತೊಂದರೆ ಆಗುವ ವಿಷಯ, ಕೋರ್ಟು ಕೇಳುವ ವಿಷಯ ಬಿಟ್ಟು ಉಳಿದದ್ದನ್ನು ಹೇಳುವುದಿಲ್ಲ' ಅನ್ನಿ. ಉದ್ದವಾಯಿತು, ಆದರೆ ಇದನ್ನು ಉಳಿಸಿಕೊಳ್ಳಬಹುದು.

ಪ್ರಶ್ನೆ: ನಾನು ಸಂಶೋಧಕ ಅಲ್ಲ ಸ್ವಾಮಿ, ರೈತ. 2009ರಲ್ಲಿ ಒಬ್ಬ ಹುಡುಗಿ ಪಿಎಚ್‌ಡಿಗೆ ಅಂತ ಬಂದು ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಇದ್ದಳು. ನಮ್ಮ ತಾಯಿ ರಾಗಿ ಬೀಸುವ ಪದ ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡಳು. ಪುಸ್ತಕ ಕಳಿಸ್ತೀನಿ ಅಂದವಳು ಕಳಿಸಲಿಲ್ಲ. ತಾಯಿ ತೀರಿಕೊಂಡು ಮೂರು ವರ್ಷ. ಪುಸ್ತಕ ಬೇಡ, ಆ ಧ್ವನಿ ಎಲ್ಲಾದರೂ ಸಿಗುತ್ತದಾ?

ಉತ್ತರ: ಯಜಮಾನರೇ, ಈ ಕಾಗದವನ್ನು ಕೊನೆಗೆ ಇಟ್ಟುಕೊಂಡೆ, ಉತ್ತರ ಬರೆಯಲು ಧೈರ್ಯ ಬೇಕಾಗಿತ್ತು.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಕರೆದು ಹೇಳಿ. ಶೋಧಗಂಗಾ ಅಂತ ಒಂದು ವೆಬ್‌ಸೈಟ್ ಇದೆ, ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಅಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಆ ಹುಡುಗಿಯ ಹೆಸರು, ವಿಶ್ವವಿದ್ಯಾಲಯ ಹಾಕಿ ಹುಡುಕಲಿ. ಸಿಕ್ಕರೆ ಮೊದಲ ಪುಟದಲ್ಲೇ ಗೈಡ್ ಹೆಸರು ಇರುತ್ತದೆ. ಅವರಿಗೂ ವಿಭಾಗದ ಮುಖ್ಯಸ್ಥರಿಗೂ ಒಂದು ಕಾಗದ ಹಾಕಿ. 'ಧ್ವನಿಯ ಪ್ರತಿ ಕೊಡಿ, ಅದು ನಮ್ಮ ತಾಯಿಯದು' ಅಂತ ಬರೆಯಿರಿ. ಕೈ ಮುಗಿದು ಕೇಳಬೇಕಾಗಿಲ್ಲ. ನಾಲ್ಕು ತಿಂಗಳು ಅನ್ನ ಹಾಕಿದ್ದೀರಿ, ಕೇಳುವ ಹಕ್ಕು ನಿಮಗಿದೆ. ಪ್ರಬಂಧದಲ್ಲಿ ಹಾಡಿನ ಸಾಲು ಅಚ್ಚಾಗಿರಬಹುದು, ಧ್ವನಿ ಅಲ್ಲಿ ಇರುವುದಿಲ್ಲ. ಅದು ಆ ಹುಡುಗಿಯ ಹತ್ತಿರವೇ, ಒಂದು ಹಳೇ ಪೆನ್‌ಡ್ರೈವಿನಲ್ಲೋ ಕೆಟ್ಟುಹೋದ ಕಂಪ್ಯೂಟರಿನಲ್ಲೋ ಇರಬೇಕು. ವಿಶ್ವವಿದ್ಯಾಲಯದವರು ಹದಿನೈದು ದಿನದಲ್ಲಿ ಉತ್ತರಿಸದಿದ್ದರೆ ನನಗೆ ಬರೆಯಿರಿ, ನಾನೇ ಹೋಗಿ ಕೇಳುತ್ತೇನೆ.

ಆ ಹುಡುಗಿಯನ್ನು ಬೈಯಲು ನನಗೆ ಬಾಯಿ ಇಲ್ಲ. ನಮ್ಮ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬ ಇದೆ, ಅದರಲ್ಲಿ 1994ರ ಹದಿನೇಳು ಕ್ಯಾಸೆಟ್. 'ಗೌಡ್ರ ಮನೇಲಿ ಉಣ್ಣೋರಿಗೆ' ಅಂದ ಅಜ್ಜಿಯ ಮಾತು ಅದರಲ್ಲೇ ಎಲ್ಲೋ ಇದೆ. ಅವರ ಮಗನಿಗೆ ಪ್ರತಿ ಮಾಡಿಸಿಕೊಡುತ್ತೇನೆ ಅಂದಿದ್ದೆ. ನಿಮ್ಮ ಕಾಗದ ಬಂದ ಮೇಲೆ ಡಬ್ಬ ಕೆಳಗಿಳಿಸಿದೆ. ಎರಡಕ್ಕೆ ಬೂಷ್ಟು ಹಿಡಿದಿದೆ, ಉಳಿದವು ಪರವಾಗಿಲ್ಲ. ಮನೆಯಲ್ಲಿದ್ದ ಟೇಪ್‌ರೆಕಾರ್ಡರ್ ಗುಜರಿಗೆ ಹೋಗಿ ಹತ್ತು ವರ್ಷವಾಯಿತು. ಓದುಗರಲ್ಲಿ ಯಾರ ಮನೆಯಲ್ಲಾದರೂ ಓಡುವ ಸ್ಥಿತಿಯಲ್ಲಿ ಒಂದು ಇದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ತಿಳಿಸಿ, ಒಂದು ವಾರದ ಮಟ್ಟಿಗೆ ಸಾಕು.